ಸಂಬಳದ ವಕೀಲನಿಗೆ ಆಸರೆ ಎಲ್ಲಿ?

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಒಂದೆಡೆ ಪ್ಯಾರಿ ಕಂಪನಿಯ ಡೇರ್ ಹೌಸ್, ಇನ್ನೊಂದೆಡೆ 1892ರಲ್ಲಿ ಪೂರ್ಣಗೊಂಡ ಉಚ್ಚ ನ್ಯಾಯಾಲಯದ ಕಟ್ಟಡ. ಸಮೀಪದಲ್ಲೇ ಜೈನ ವರ್ತಕರ ಸೌಕಾರ್‌ಪೇಟೆ. ವ್ಯಾಪಾರವೂ ನ್ಯಾಯವೂ ನೆರೆಹೊರೆಯಾಗಿರುವ ಈ ಮೂಲೆಯಲ್ಲಿಯೂ ಒಬ್ಬ ನೌಕರನಿಗೆ ಗಟ್ಟಿಯಾದ ಆಸರೆಯಿಲ್ಲ. ಆತ ಕಂಪನಿಯ ಸಂಬಳ ಪಡೆಯುವ ಕಾನೂನು ಅಧಿಕಾರಿ. ಸುಳ್ಳು ಲೆಕ್ಕವನ್ನೋ ಲಂಚವನ್ನೋ ಕಂಡು ಆಡಳಿತ ಮಂಡಳಿಗೆ ವರದಿ ಸಲ್ಲಿಸಿದ ಕಾರಣಕ್ಕೆ ಕೆಲಸ ಕಳೆದುಕೊಂಡರೆ ಆತ ಯಾರ ಬಾಗಿಲು ತಟ್ಟಬೇಕು?

ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರನು ವಕೀಲಿ ವೃತ್ತಿ ನಡೆಸುವಂತಿಲ್ಲ. ಆದ್ದರಿಂದ ವಕೀಲ-ಕಕ್ಷಿದಾರರ ಗೋಪ್ಯತೆಯನ್ನು ಕಾಯುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಂ ಆತನಿಗೆ ದೊರೆಯದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 31ರಂದು ತೀರ್ಪಿತ್ತಿತು. ವಕೀಲನ ಕವಚ ಹೋದರೆ ನೌಕರನ ಕವಚವಾದರೂ ಉಳಿಯಬೇಕಲ್ಲವೇ? ತಮಿಳುನಾಡಿನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ 41ನೆಯ ಕಲಂ, ಆರು ತಿಂಗಳು ಸತತವಾಗಿ ದುಡಿದವನನ್ನು ಸಮಂಜಸ ಕಾರಣವಿಲ್ಲದೆ ತೆಗೆಯಬಾರದೆನ್ನುತ್ತದೆ. ಆದರೆ ಆಡಳಿತ ಸ್ಥಾನದಲ್ಲಿರುವವರನ್ನು 4ನೆಯ ಕಲಂ ಹೊರಗಿಡುತ್ತದೆ. ಕರ್ನಾಟಕದ 1961ರ ಕಾಯ್ದೆಯೂ ಇದೇ ಜಾಡಿನದು. ಉಳಿಯುವುದು ಸಿವಿಲ್ ದಾವೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ನೋಟಿಸ್ ಅವಧಿಯ ಸಂಬಳವೇ ಹೊರತು ಹುದ್ದೆಯಲ್ಲ.

ಅಮೆರಿಕದಲ್ಲಿ ಬಯೋ-ರ್‍ಯಾಡ್ ಕಂಪನಿಯು ಚೀನಾದಲ್ಲಿನ ಲಂಚದ ಶಂಕೆಯನ್ನು ವರದಿ ಮಾಡಿದ ತನ್ನ ಪ್ರಧಾನ ಕಾನೂನು ಅಧಿಕಾರಿ ಸ್ಯಾನ್‌ಫರ್ಡ್ ವಾಡ್ಲರ್ ಅವರನ್ನು 2013ರಲ್ಲಿ ವಜಾ ಮಾಡಿತು. 2017ರಲ್ಲಿ ಜ್ಯೂರಿ ಸುಮಾರು 1.1 ಕೋಟಿ ಡಾಲರ್ ಪರಿಹಾರ ವಿಧಿಸಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ಒಂದು ಭಾಗವನ್ನು ತೆಗೆದುಹಾಕಿದರೂ, ಕ್ಯಾಲಿಫೋರ್ನಿಯಾದ ಕಾನೂನಿನಡಿ ವಜಾ ತಪ್ಪೆಂಬ ನಿರ್ಣಯ ಉಳಿಯಿತು.

‘ಮನೆಯ ಗುಟ್ಟು ಹೊರಹಾಕಿದ’ ಎಂಬುದು ಮಾಲೀಕರ ಸಾಮಾನ್ಯ ಆಕ್ಷೇಪ. ಸತ್ಯಾಣುವ್ರತದ ಅತಿಚಾರಗಳಲ್ಲಿ ಪರರ ಗುಟ್ಟು ಬಯಲು ಮಾಡುವುದು ಇದೆ, ನಿಜ. ಅದರ ಜೊತೆಗೇ ಸುಳ್ಳು ಪತ್ರ ಸೃಷ್ಟಿಸುವ ಕೂಟಲೇಖಕ್ರಿಯೆಯೂ ಇದೆ. ಮೊದಲನೆಯದನ್ನು ನೌಕರನಿಗೆ ಬೋಧಿಸಿ ಎರಡನೆಯದನ್ನು ತನಗೆ ಮನ್ನಿಸಿಕೊಳ್ಳುವುದು ಧರ್ಮವಲ್ಲ. ಮೇಲಾಗಿ, ಆಡಳಿತ ಮಂಡಳಿಗೆ ತಿಳಿಸುವುದು ಗುಟ್ಟು ಬಯಲು ಮಾಡಿದಂತೆಯೂ ಅಲ್ಲ.

ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕ ಠೇವಣಿ ಪಡೆದವು, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗೂ ಮೇಲ್ಪಟ್ಟು ಸಾಲ ಪಡೆದವು ದೂರುದಾರರಿಗೆ ರಕ್ಷಣೆಯುಳ್ಳ ವ್ಯವಸ್ಥೆ ಹೊಂದಿರಬೇಕೆಂದು 2013ರ ಕಂಪನಿ ಕಾಯ್ದೆಯ 177ನೆಯ ಕಲಂ ಹಾಗೂ ಅದರ ನಿಯಮಗಳು ವಿಧಿಸುತ್ತವೆ. ಸಣ್ಣ ಕುಟುಂಬ ಸಂಸ್ಥೆಗಳೂ ಇದನ್ನು ಸ್ವಇಚ್ಛೆಯಿಂದ ಅಳವಡಿಸಿಕೊಳ್ಳಲಿ. ಕಾನೂನು ಅಧಿಕಾರಿಯನ್ನು ತೆಗೆಯುವ ನಿರ್ಧಾರ ಇಡೀ ಮಂಡಳಿಯದಾಗಲಿ, ಕಾರಣ ಲಿಖಿತವಾಗಿರಲಿ. ತಪ್ಪನ್ನು ವರದಿ ಮಾಡಿದವರಿಗೆ ‘ಆಡಳಿತ ಸ್ಥಾನ’ದ ವಿನಾಯಿತಿ ಅನ್ವಯಿಸದಂತೆ ಶಾಸನಸಭೆಗಳು ಕಾಯ್ದೆಯನ್ನು ತಿದ್ದಲಿ.