ಸಾಸಿವೆ ಬೆಳೆದವನಿಗೆ ದಂಡ, ತಾಳೆ ತಂದವನಿಗೆ ಬಹುಮಾನ

ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಒಂದು ಘನವಾದ ನಿರ್ಣಯ ಮಾಡಿತು. 10,103 ಕೋಟಿ ರೂಪಾಯಿ ಖರ್ಚು ಮಾಡಿ, 2030-31ರ ವೇಳೆಗೆ ದೇಶದ ಎಣ್ಣೆಕಾಳಿನ ಉತ್ಪತ್ತಿಯನ್ನು 697 ಲಕ್ಷ ಟನ್ನಿಗೆ ಏರಿಸುವುದಾಗಿ ಸಾರಿತು. ಒಳ್ಳೆಯದೇ. ಆದರೆ ಎಂಟು ತಿಂಗಳು ತುಂಬುವ ಮೊದಲೇ, 2025ರ ಮೇ 30ರಂದು, ಅದೇ ಸರ್ಕಾರ ಹೊರದೇಶದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಿತು. ಒಂದು ಕೈಯಿಂದ ನೀರೆರೆದು ಇನ್ನೊಂದು ಕೈಯಿಂದ ಬೇರು ಕೀಳುವ ಈ ಬೇಸಾಯವನ್ನು ನಾವು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಡೆ ಸಾಸಿವೆಯೆಂದರೆ ಒಗ್ಗರಣೆಗೆ ಒಂದು ಚಿಟಿಕೆ. ಉತ್ತರದಲ್ಲಿಯೂ ಬಂಗಾಳದಲ್ಲಿಯೂ ಅದು ಕೋಟ್ಯಂತರ ಬಡವರ ಅಡುಗೆಯ ಎಣ್ಣೆ. ದೇಶದ ಸಾಸಿವೆಯಲ್ಲಿ ಸುಮಾರು ಅರ್ಧವನ್ನು ರಾಜಸ್ಥಾನವೊಂದೇ ಬೆಳೆಯುತ್ತದೆ. ಅಲ್ಲಿನ ಬೆಳೆ ಏರಿ ಇಳಿದರೆ ಪಂಡಿತರು ಮಳೆಯನ್ನು ದೂರುತ್ತಾರೆ, ಬೀಜವನ್ನು ದೂರುತ್ತಾರೆ, ಕೊನೆಗೆ ರೈತನ ಅಜ್ಞಾನವನ್ನು ದೂರುತ್ತಾರೆ. ಸುಂಕದ ಕಟ್ಟೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಲೆಕ್ಕವೇನು ಹೇಳುತ್ತದೆ, ನೋಡೋಣ.

1985-86ರಲ್ಲಿ ದೇಶದ ಸಾಸಿವೆಯ ಉತ್ಪತ್ತಿ ಸುಮಾರು 27 ಲಕ್ಷ ಟನ್. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭವಾಯಿತು. ಆಮದಿಗೆ ಕಡಿವಾಣ ಬಿತ್ತು. 1989ರಿಂದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಮಾರುಕಟ್ಟೆಗೆ ಇಳಿದು, ಕೊಂಡು, ದಾಸ್ತಾನು ಮಾಡಿ, ಬೆಲೆಯನ್ನು ಹದದಲ್ಲಿಟ್ಟಿತು. ಬೆಲೆ ಸಿಗುವುದೆಂಬ ಭರವಸೆ ಹುಟ್ಟಿತು. ಅದೇ ರೈತ, ಅದೇ ಮಣ್ಣಿನಲ್ಲಿ, 1996-97ರಲ್ಲಿ 66 ಲಕ್ಷ ಟನ್ ಬೆಳೆದು ತೋರಿಸಿದ. ಎಲ್ಲಿ ಹೋಯಿತು ಅವನ ಅಜ್ಞಾನ?

ಆಮೇಲೇನಾಯಿತು? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು. 1994ರಲ್ಲಿಯೇ ತಾಳೆ ಎಣ್ಣೆಯನ್ನು ಯಾರು ಬೇಕಾದರೂ ತರಿಸಬಹುದೆಂದು ಬಾಗಿಲು ತೆರೆದಿದ್ದರು. ಆಗ ನೂರಕ್ಕೆ 65 ಇದ್ದ ಸುಂಕ 1998ರಲ್ಲಿ 15ಕ್ಕೆ ಬಂತು. ಹಡಗು ಹಡಗು ಎಣ್ಣೆ ಬಂದಿಳಿಯಿತು. 1996-97ರಲ್ಲಿ 65 ಲಕ್ಷ ಹೆಕ್ಟೇರಿನಲ್ಲಿದ್ದ ಸಾಸಿವೆ 2000-01ರಲ್ಲಿ 45 ಲಕ್ಷ ಹೆಕ್ಟೇರಿಗೆ ಕುಗ್ಗಿತು. 2002-03ರಲ್ಲಿ ಉತ್ಪತ್ತಿ 39 ಲಕ್ಷ ಟನ್ನಿಗೆ ಕುಸಿಯಿತು. ಬರಗಾಲದ ಪಾಲು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬರ ಬಂದದ್ದು ಮುಗಿಲಿನಿಂದ ಮಾತ್ರವಲ್ಲ, ಬಂದರಿನಿಂದಲೂ!

ಅದೇ 1998ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ವಿಷಬೀಜದ ಎಣ್ಣೆ ಬೆರೆಸಿದ್ದರಿಂದ 60ಕ್ಕೂ ಹೆಚ್ಚು ಜನ ಸತ್ತರು. ಬೆರೆಸಿದ ಪಾಪಿಗಳನ್ನು ಹಿಡಿದು ಶಿಕ್ಷಿಸಬೇಕಾಗಿತ್ತು. ಸರ್ಕಾರ ಮಾಡಿದ್ದು ಬಿಡಿ ಎಣ್ಣೆಯ ಮಾರಾಟಕ್ಕೇ ತಡೆ. ಪೊಟ್ಟಣ ಕಟ್ಟುವ ಯಂತ್ರವಿದ್ದ ದೊಡ್ಡ ಗಿರಣಿ ಉಳಿಯಿತು. ಗಾಣದವನೂ ಡಬ್ಬಿಯಿಂದ ಅಳೆದು ಕೊಡುತ್ತಿದ್ದ ಚಿಲ್ಲರೆ ಅಂಗಡಿಯವನೂ ತಪ್ಪಿಲ್ಲದೆ ದಂಡ ತೆತ್ತರು.

ಈಚಿನ ಲೆಕ್ಕವೂ ಇದೇ ಮಾತನ್ನು ಹೇಳುತ್ತದೆ. 2021ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಯನ್ನು ಎಷ್ಟೋ ಮೀರಿತು. ರೈತ ಹುರುಪಿನಿಂದ ಬಿತ್ತಿದ. 2023-24ರಲ್ಲಿ ಉತ್ಪತ್ತಿ 132 ಲಕ್ಷ ಟನ್ ಮುಟ್ಟಿತು. ಇತ್ತ 2021ರ ಅಕ್ಟೋಬರಿನಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಗೆ ಇಳಿಸಿದ್ದರು. 2023ರ ಸುಗ್ಗಿಯಲ್ಲಿ ಕ್ವಿಂಟಲಿಗೆ 5,450 ರೂಪಾಯಿ ಬೆಂಬಲ ಬೆಲೆಯಿದ್ದರೂ ರಾಜಸ್ಥಾನದ ಮಂಡಿಗಳಲ್ಲಿ ಅದಕ್ಕಿಂತ ಕಡಿಮೆಗೆ ಮಾರಬೇಕಾಯಿತು. 2024-25ರಲ್ಲಿ ಬೆಳೆ 126 ಲಕ್ಷ ಟನ್ನಿಗೆ ಇಳಿಯಿತು. ಬೆಲೆ ಕರೆದರೆ ರೈತ ಬರುತ್ತಾನೆ, ಬೆಲೆ ತಳ್ಳಿದರೆ ಹೋಗುತ್ತಾನೆ. ಇದಕ್ಕೆ ಪಂಡಿತರು ಬೇಕೆ?

“ಅಗ್ಗದ ಎಣ್ಣೆ ಬಂದರೆ ಕಾರ್ಮಿಕನಿಗೆ ಲಾಭವಲ್ಲವೆ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೂಲಿಯಲ್ಲಿ ಬದುಕುವವನಿಗೆ ಎಣ್ಣೆಯ ಒಂದೊಂದು ರೂಪಾಯಿಯೂ ಭಾರವೇ. ಆದರೆ ಪರರ ಕೈಯಲ್ಲಿರುವ ಅಗ್ಗ ಎಷ್ಟು ದಿನದ ಅಗ್ಗ? 2022ರ ಏಪ್ರಿಲ್ 28ರಂದು ಇಂಡೋನೇಷ್ಯ ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿತು. ನಮ್ಮಲ್ಲಿ ಸುಂಕ ಸೊನ್ನೆಯಿದ್ದೂ ಎಣ್ಣೆ ಅಗ್ಗವಾಗಲಿಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವವರು ಬೆಲೆಯ ಒಡೆಯರಾಗುವುದು ಹೇಗೆ? ಇತ್ತ ಎಣ್ಣೆ ಗಿರಣಿಗಳ ಊರೆಂದು ಹೆಸರಾದ ನಮ್ಮ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳಿಗೆ ಬೀಗ ಬಿತ್ತು. ಕೆಲಸ ಕಳೆದುಕೊಂಡವನಿಗೆ ಅಗ್ಗದ ಎಣ್ಣೆಯಾದರೂ ಕೊಳ್ಳಲು ದುಡ್ಡೆಲ್ಲಿ?

ರೈತನನ್ನೂ ಕಾರ್ಮಿಕನನ್ನೂ ಎದುರುಬದುರು ನಿಲ್ಲಿಸುವ ಈ ಆಟ ನಿಲ್ಲಬೇಕು. ನಮ್ಮ ಬೇಡಿಕೆಗಳು ನಾಲ್ಕು. ಬಂದರಿಗೆ ಬಂದಿಳಿಯುವ ಎಣ್ಣೆ ನಮ್ಮ ಬೆಂಬಲ ಬೆಲೆಯನ್ನು ಮುರಿಯದಂತೆ ಸುಂಕ ಗೊತ್ತಾಗಬೇಕು. ಬೆಂಬಲ ಬೆಲೆಯ ಯೋಜನೆಯಲ್ಲಿ ಉತ್ಪತ್ತಿಯ ಕಾಲುಭಾಗಕ್ಕೆ ಹಾಕಿರುವ ಖರೀದಿಯ ಮಿತಿಯನ್ನು ತೆಗೆಯಬೇಕು. ಸುಂಕದಿಂದ ಬಂದ ಹಣದಲ್ಲಿ ನ್ಯಾಯಬೆಲೆ ಅಂಗಡಿಯ ಮೂಲಕ ಬಡವರಿಗೆ ಎಣ್ಣೆ ಕೊಡಬೇಕು. ತಾಲ್ಲೂಕಿಗೊಂದು ಪರೀಕ್ಷಾಲಯ ತೆರೆದು, ಸಣ್ಣ ಗಾಣದ ಎಣ್ಣೆಗೂ ಮುದ್ರೆ ಒತ್ತಿ ಮಾರಲು ಅವಕಾಶ ಕೊಡಬೇಕು.

ಗಿರಣಿಯ ಬಂಧುಗಳೇ, ಸಣ್ಣ ವರ್ತಕ ಮಿತ್ರರೇ, ಸುಂಕದ ಆಜ್ಞೆ ಹೊರಡುವುದು ರಾತ್ರೋರಾತ್ರಿ. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಮಂಡಿಸಿ, ನಿಮ್ಮ ಲೋಕಸಭಾ ಸದಸ್ಯರಿಗೆ ಕಳಿಸಿರಿ. ಉತ್ತರ ಬರುವವರೆಗೆ ಬಿಡಬೇಡಿರಿ.