ಸ್ನಾತಕರ ಸಾಧನೆ ಎಂಬುದು ಯಾವುದು?

ಪದವೀಧರರನ್ನು ಕುರಿತು ಈಚೆಗೆ ನಮ್ಮ ನಾಡಿನಲ್ಲಿ ಒಂದು ಹೊಸ ಬಗೆಯ ವಾಙ್ಮಯವು ಹುಟ್ಟಿ ಬೆಳೆಯುತ್ತಲಿದೆ. ಕಾಲೇಜುಗಳು ಬೆಳ್ಳಿಯ ಹಬ್ಬ, ಚಿನ್ನದ ಹಬ್ಬಗಳನ್ನು ನಡೆಯಿಸುವಾಗ ತಮ್ಮಲ್ಲಿ ಹಿಂದೆ ಓದಿ ಹೋದವರ ‘ಸಾಧನೆ’ಗಳನ್ನು ಸಂಗ್ರಹಿಸಿ, ನುಣುಪಾದ ಕಾಗದದ ಮೇಲೆ ಭಾವಚಿತ್ರಸಹಿತವಾಗಿ ಅಚ್ಚು ಹಾಕಿಸುತ್ತವೆ. ಕುಲಬಾಂಧವರ ಸಂಘಗಳೂ ಊರೂರಿನ ಸಭೆಗಳೂ ಇದೇ ಮಾರ್ಗವನ್ನು ಹಿಡಿದಿವೆ. ಓದಿದ ಮಕ್ಕಳ ಏಳಿಗೆಯನ್ನು ಕಂಡು ಹಿರಿಯರು ಸಂತೋಷಪಡುವುದು ಸಹಜವೇ. ಅದನ್ನು ಆಕ್ಷೇಪಿಸಲು ನಾನು ಲೇಖನಿಯನ್ನು ಹಿಡಿದವನಲ್ಲ. ಆದರೆ ಆ ಏಳಿಗೆಯನ್ನು ಅಳೆಯುವುದಕ್ಕೆ ಯಾವ ಕೊಳಗವನ್ನು ಇಟ್ಟುಕೊಂಡಿದ್ದಾರೆಂಬುದನ್ನು ವಾಚಕರು ಸ್ವಲ್ಪ ವಿಚಾರಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ಇಂಥ ಒಂದು ಗ್ರಂಥಕ್ಕಾಗಿ ವಿವರಗಳನ್ನು ಬೇಡಿ ಒಂದು ಕಾಲೇಜಿನವರು ಹಂಚಿದ ನಮೂನೆಯು ನನ್ನ ಕೈಗೆ ಬಂದಿತು. ಹೆಸರು, ಪಡೆದ ಪದವಿ, ಪಡೆದ ಶ್ರೇಣಿ, ಪಡೆದ ಪದಕ, ಈಗಿನ ಹುದ್ದೆ, ಸಂಸ್ಥೆಯ ಹೆಸರು, ವಾರ್ಷಿಕ ವರಮಾನ, ಹೋಗಿಬಂದ ವಿದೇಶಗಳು, ಪಡೆದ ಪ್ರಶಸ್ತಿಗಳು—ಹೀಗೆ ಸಾಗುತ್ತದೆ ಆ ಹಾಳೆ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆನು. ಪಡೆಯುವುದೆಂಬ ಒಂದೇ ಧಾತುವಿನ ರೂಪಗಳು ಅಲ್ಲಿ ತುಂಬಿವೆ. ಕೊಡುವುದೆಂಬ ಧಾತುವು ಎಲ್ಲಿಯೂ ಕಾಣಲಿಲ್ಲ. ‘ನೀವು ಕಲಿತದ್ದನ್ನು ಯಾರಿಗೆ ಕಲಿಸಿದಿರಿ? ನಿಮ್ಮ ವಿದ್ಯೆಯಿಂದ ಯಾರಿಗೆ ಏನು ಉಪಕಾರವಾಯಿತು?’ ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಒಂದು ಗೆರೆಯಷ್ಟು ಸ್ಥಳವೂ ಇರಲಿಲ್ಲ. ನನ್ನ ಆಕ್ಷೇಪವು ಇಷ್ಟೇ: ಸ್ನಾತಕನ ಸಾಧನೆಯೆಂದು ಇಂದು ಎಣಿಸಲ್ಪಡುವುದು ಆತನಿಗೆ ಬಂದ ಲಾಭ, ಸಾಧನೆಯೆಂದು ಎಣಿಸತಕ್ಕದ್ದು ಆತನಿಂದ ಲೋಕಕ್ಕೆ ಬಂದ ಲಾಭ.

ಸ್ನಾತಕನೆಂಬ ಮಾತನ್ನು ನಾವು ಇಂಗ್ಲಿಷಿನ ಪದವೀಧರನಿಗೆ ಪರ್ಯಾಯವಾಗಿ ಬಳಸುತ್ತೇವೆ. ಮಾತನ್ನು ತೆಗೆದುಕೊಂಡವರು ಅದರ ಅರ್ಥವನ್ನು ಮಾತ್ರ ಹಿಂದೆಯೇ ಬಿಟ್ಟುಬಂದೆವು. ವಿದ್ಯಾಭ್ಯಾಸವನ್ನು ಮುಗಿಸಿ, ಸಮಾವರ್ತನದ ಸ್ನಾನವನ್ನು ಮಾಡಿ, ಗುರುಗೃಹದಿಂದ ಹಿಂದಿರುಗುವವನು ಸ್ನಾತಕನು. ಪಾರಸ್ಕರರ ಗೃಹ್ಯಸೂತ್ರವು ಸ್ನಾತಕರಲ್ಲಿ ಮೂರು ಬಗೆಯನ್ನು ಹೇಳುತ್ತದೆ. ಅಧ್ಯಯನವನ್ನು ಮುಗಿಸಿ, ವ್ರತವನ್ನು ಮುಗಿಸದೆ ಬಂದವನು ವಿದ್ಯಾಸ್ನಾತಕನು. ವ್ರತವನ್ನು ಮುಗಿಸಿ, ಅಧ್ಯಯನವನ್ನು ಮುಗಿಸದೆ ಬಂದವನು ವ್ರತಸ್ನಾತಕನು. ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕನು. ಪುಸ್ತಕದ ಪಾಠ ಒಂದು, ಬಾಳಿನ ನಿಯಮ ಒಂದು. ಒಂದು ಬಂದ ಮಾತ್ರಕ್ಕೆ ಇನ್ನೊಂದು ಬಂದಿತೆಂದು ಹಿರಿಯರು ಎಣಿಸಿದವರಲ್ಲ. ಈಗಿನ ವಿಶ್ವವಿದ್ಯಾನಿಲಯಗಳು ಪರೀಕ್ಷಿಸುವುದು ವಿದ್ಯೆಯೊಂದನ್ನೇ. ವ್ರತವನ್ನು ಪರೀಕ್ಷಿಸುವುದು ಅವುಗಳಿಂದ ಆಗತಕ್ಕ ಕೆಲಸವೂ ಅಲ್ಲ, ಒಪ್ಪೋಣ. ಪದವಿಯನ್ನು ಕೊಟ್ಟು ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಕರೆದು ಸನ್ಮಾನ ಮಾಡುವಾಗಲಾದರೂ ಅದನ್ನು ವಿಚಾರಿಸಬೇಡವೆ?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ‘ಸ್ವಾಮಿ, ಸಂಸಾರಿಗಳಾದ ನಾವು ದುಡಿಯಬೇಕು, ಮಕ್ಕಳನ್ನು ಸಾಕಬೇಕು. ಹುದ್ದೆ, ಸಂಬಳಗಳನ್ನು ಹಳಿಯುವುದು ಸನ್ಯಾಸಿಗಳ ವೇದಾಂತ’ ಎನ್ನುತ್ತಾರೆ. ಇದಕ್ಕೆ ಸಮಾಧಾನವನ್ನು ವೇದಾಂತದಿಂದಲೇ ಹೇಳಬಹುದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಅನುಶಾಸನವಿದೆಯಷ್ಟೆ; ಇಂದಿಗೂ ಅನೇಕ ಘಟಿಕೋತ್ಸವಗಳಲ್ಲಿ ಅದನ್ನು ಸ್ಮರಿಸುವುದುಂಟು. ಅಭ್ಯುದಯವನ್ನು ಅಲಕ್ಷ್ಯಮಾಡಬೇಡವೆಂದು ಆ ಆಚಾರ್ಯನೇ ಹೇಳುತ್ತಾನೆ. ಐಶ್ವರ್ಯವನ್ನು ಆತನು ಬಿಡಿಸಲಿಲ್ಲ. ಆದರೆ ಆ ಉಸಿರಿನಲ್ಲಿಯೇ ಸ್ವಾಧ್ಯಾಯ ಪ್ರವಚನಗಳನ್ನು, ಎಂದರೆ ಓದುವುದನ್ನೂ ಓದಿಸುವುದನ್ನೂ, ಅಲಕ್ಷ್ಯಮಾಡಬೇಡವೆಂದು ವಿಧಿಸುತ್ತಾನೆ. ಕೊಡುವುದು ಹೇಗೆಂಬುದನ್ನು ಬಗೆಬಗೆಯಾಗಿ ವಿಸ್ತರಿಸುತ್ತಾನೆ. ನಮ್ಮ ನಮೂನೆಯವರು ಈ ಅನುಶಾಸನದಿಂದ ಅಭ್ಯುದಯವೊಂದನ್ನು ಕಿತ್ತುಕೊಂಡು ಉಳಿದದ್ದನ್ನೆಲ್ಲ ಚೆಲ್ಲಿಬಿಟ್ಟರು.

ಈ ಕೊಡುವ ಮಾತು ಬರಿಯ ಔದಾರ್ಯದ ಮಾತಲ್ಲ, ಸಾಲದ ಮಾತು. ಮನುಷ್ಯನು ಋಷಿಋಣವನ್ನು ಹೊತ್ತು ಹುಟ್ಟುತ್ತಾನೆಂಬುದನ್ನು ನಂಬದವರಿಗೆ ಲೌಕಿಕವಾದ ಲೆಕ್ಕವನ್ನೇ ತೋರಿಸಬಹುದು. 1916ಕ್ಕೆ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದುವು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಅದಕ್ಕೆ ಹಣವು ಬಂದದ್ದು ಸಂಸ್ಥಾನದ ಬೊಕ್ಕಸದಿಂದ. ಬೊಕ್ಕಸಕ್ಕೆ ಬಂದದ್ದು ರಾಗಿಯನ್ನು ಬೆಳೆದು ಕಂದಾಯವನ್ನು ಕಟ್ಟಿದ ಒಕ್ಕಲಿನಿಂದ. ಅವನ ಮಗನು ಆ ಕಾಲೇಜಿನ ಮೆಟ್ಟಲನ್ನು ಹತ್ತಿದ್ದು ಅಪರೂಪ. ಇಂದಿಗೂ ಸರ್ಕಾರದ ಕಾಲೇಜು ನಡೆಯುವುದು ಸಾಬೂನಿನ ಬಿಲ್ಲೆಯೊಂದನ್ನು ಕೊಳ್ಳುವ ಕೂಲಿಯವಳೂ ತೆತ್ತ ತೆರಿಗೆಯಿಂದಲೇ. ಹೀಗಿರಲು, ನಾನು ನನ್ನ ಬುದ್ಧಿಯಿಂದ ಮೇಲಕ್ಕೆ ಬಂದೆನೆಂದು ಪದವೀಧರನು ಹೇಳುವುದು, ಸಾಲದ ಎತ್ತುಗಳಿಂದ ಉತ್ತು ಬೆಳೆದವನು ಎತ್ತಿನ ಒಡೆಯನನ್ನು ಮರೆತ ಹಾಗೆಯೇ ಸರಿ.

ಈಗ ನಮ್ಮ ನಾಡಿನ ಕೆಲವು ಸ್ನಾತಕರನ್ನು ನೋಡೋಣ. ಮೊದಲನೆಯವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಸಂಸ್ಕೃತವನ್ನು ಸಾಂಪ್ರದಾಯಿಕವಾಗಿ ಓದಿ, 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದವರು. ಇವರು ಕುಳಿತದ್ದು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ, ಓಲೆಗರಿಗಳ ನಡುವೆ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ದಂಡಿ, ಬಾಣರ ಕೃತಿಗಳಿಂದ ನಮ್ಮ ಪಂಡಿತರು ಬಲ್ಲವರಾಗಿದ್ದರೂ ಗ್ರಂಥವು ಹೋಯಿತೆಂದೇ ಎಲ್ಲರೂ ಭಾವಿಸಿದ್ದರು. ಗ್ರಂಥಲಿಪಿಯ ಓಲೆಗಳಲ್ಲಿ ಶಾಸ್ತ್ರಿಗಳು ಅದನ್ನು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪ್ರಾಚೀನ ಭಾರತೀಯರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲವೆಂದು ಹೇಳುತ್ತಿದ್ದವರ ಬಾಯಿ ಅಂದಿಗೆ ಕಟ್ಟಿತು. ನಮ್ಮ ನಮೂನೆಯನ್ನು ಶಾಸ್ತ್ರಿಗಳಿಗೆ ಆಗ ಕಳುಹಿಸಿದ್ದರೆ ‘ಈಗಿನ ಹುದ್ದೆ’ ಎಂಬಲ್ಲಿ ಪುಸ್ತಕಭಂಡಾರದ ಚಾಕರಿಯೆಂದು ಬರೆಯುತ್ತಿದ್ದರು. ‘ಹೋಗಿಬಂದ ವಿದೇಶಗಳು’ ಎಂಬ ಕಲಮನ್ನು ತುಂಬಿಸಲು ಆ ಚಾಕರಿಯಲ್ಲಿ ಎಷ್ಟು ಅವಕಾಶವಿದ್ದೀತು? ಇನ್ನೂ ಒಂದು ಮಾತುಂಟು. ಆ ಓಲೆಯ ಕಟ್ಟನ್ನು ಭಂಡಾರಕ್ಕೆ ತಂದೊಪ್ಪಿಸಿದವರು ತಂಜಾವೂರು ಸೀಮೆಯ ಒಬ್ಬ ಪಂಡಿತರು. ಆ ಪುಣ್ಯಾತ್ಮರು ಯಾವ ಸಾಧಕರ ಪಟ್ಟಿಯಲ್ಲಿಯೂ ಇಲ್ಲ. ಪಡೆದವರ ಪಟ್ಟಿಯನ್ನು ಮಾಡುವ ಲೋಕವು ಕೊಟ್ಟವರನ್ನು ಹೀಗೆ ಮರೆಯುತ್ತದೆ.

ಇದು ಓಬೀರಾಯನ ಕಾಲದ ಮಾತೆನ್ನುವವರಿಗೆ ನಮ್ಮ ಕಣ್ಣ ಮುಂದೆಯೇ ಬಾಳಿದವರನ್ನು ತೋರಿಸುವೆನು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಓದಿಗಾಗಿ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಬಂದರು. 1942ರ ಚಳವಳಿಯಲ್ಲಿ ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದರು. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿ, ಅಮೆರಿಕಾದ ಓಹಾಯೋ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ನಮ್ಮ ಗ್ರಂಥಗಳ ದೃಷ್ಟಿಯಿಂದ ಸಾಧನೆಯು ಇಲ್ಲಿಗೆ ಶಿಖರವನ್ನು ಮುಟ್ಟಿತು. ಅವರ ದೃಷ್ಟಿಯಿಂದ ಕೆಲಸವು ಇಲ್ಲಿಂದ ಮೊದಲಾಯಿತು. ತಾವು ಪಾಠ ಹೇಳುತ್ತಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಹಿಂದಿರುಗಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ ವಿಜ್ಞಾನವನ್ನು ಸಾಮಾನ್ಯರ ಬಳಿಗೆ ತಂದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ಊರುಗಳಲ್ಲಿ ಕಾಲೇಜುಗಳನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಬ್ರಹ್ಮಚಾರಿಯಾಗಿ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬಾಳಿ 2005ರಲ್ಲಿ ತೀರಿಕೊಂಡರು. ಪವಾಡಗಳ ವಿಷಯದಲ್ಲಿ ಅವರು ಎತ್ತಿದ ಪ್ರಶ್ನೆಗಳನ್ನು ನನ್ನಂಥ ಆಸ್ತಿಕರು ಎಲ್ಲವನ್ನೂ ಒಪ್ಪಲಾರರು. ಆದಾಗ್ಯೂ ಹೇಳುತ್ತೇನೆ: ಪಾರಸ್ಕರರ ಮೂರನೆಯ ಬಗೆಯ ಸ್ನಾತಕನು ಯಾರೆಂದು ಕೇಳಿದರೆ ದೇವರ ವಿಷಯವಾಗಿ ನನ್ನೊಡನೆ ಒಮ್ಮತವಿಲ್ಲದ ಈ ಖಾದಿ ಟೋಪಿಯ ಮೇಷ್ಟರನ್ನೇ ನಾನು ತೋರಿಸತಕ್ಕವನು.

ಮೈಸೂರು ವಿಶ್ವವಿದ್ಯಾನಿಲಯದ ಎಂ.ಎ. ಪದವೀಧರರಾದ ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದಶಕಗಳ ಕಾಲ ಶ್ರಮಿಸಿ, 2021ರಲ್ಲಿ ತೀರಿಕೊಳ್ಳುವವರೆಗೂ ಕೇಳಿದವರಿಗೆಲ್ಲ ಶಬ್ದದ ಅರ್ಥವನ್ನು ಹೇಳುತ್ತ ಬಂದರು. ಇನ್ನು ಹುದ್ದೆಗೂ ಸೇವೆಗೂ ಹಗೆಯೇನೂ ಇಲ್ಲವೆಂಬುದಕ್ಕೆ ಕುವೆಂಪು ಅವರೇ ಸಾಕ್ಷಿ. 1929ರಲ್ಲಿ ಕನ್ನಡ ಎಂ.ಎ. ಮಾಡಿದ ಅವರು ಅದೇ ವಿಶ್ವವಿದ್ಯಾನಿಲಯಕ್ಕೆ 1956ರಲ್ಲಿ ಉಪಕುಲಪತಿಗಳಾದರು. ಆ ಪೀಠವನ್ನು ಏರಿದ್ದಕ್ಕಾಗಿ ಅವರನ್ನು ಯಾರೂ ನೆನೆಯುವುದಿಲ್ಲ. ಅಲ್ಲಿ ಕುಳಿತು ಮಾನಸಗಂಗೋತ್ರಿಯನ್ನು ಕಟ್ಟಿದ್ದಕ್ಕಾಗಿ ನೆನೆಯುತ್ತೇವೆ.

ಪೂರ್ವಪಕ್ಷದವರು ಎರಡನೆಯ ಸಲ ಏಳುತ್ತಾರೆ. ‘ಇವರೆಲ್ಲ ಮಹಾಪುರುಷರು. ಸಾಮಾನ್ಯ ಪದವೀಧರನಿಗೆ ಇವರ ಮಾತೇಕೆ?’ ಎನ್ನುತ್ತಾರೆ. ಸಾಮಾನ್ಯನಿಗಾಗಿಯೇ ನಾನು ವಾದಿಸುತ್ತಿದ್ದೇನೆ. ಮಹಾಪುರುಷರಿಗೆ ನಮ್ಮ ನಮೂನೆಯಿಂದ ಆಗತಕ್ಕದ್ದೇನು? ನನ್ನ ಬಳಿ ಪ್ರೌಢಶಾಲೆಯಲ್ಲಿ ಓದಿದ ಒಬ್ಬನು ಎಂ.ಎಸ್‌ಸಿ. ಮುಗಿಸಿ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದಾನೆ. ಗಣಿತವೆಂದರೆ ಓಡಿಹೋಗುತ್ತಿದ್ದ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟು ದಡ ಮುಟ್ಟಿಸುತ್ತಾನೆ. ಅವನಿಗೂ ಈ ನಮೂನೆಯು ಹೋಗಿತ್ತು. ‘ಕಳುಹಿಸಿದೆಯೇನಪ್ಪ?’ ಎಂದು ಕೇಳಿದೆನು. ‘ಬರೆಯುವಂಥದ್ದು ನನ್ನಲ್ಲಿ ಏನೂ ಇಲ್ಲ, ಮೇಷ್ಟ್ರೇ’ ಎಂದನು. ವಾಚಕ ಮಹಾಶಯರೆ, ಈ ಪದ್ಧತಿಯಿಂದ ಆಗುವ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ತನ್ನ ಬಾಳಿನ ಅತ್ಯುತ್ತಮವಾದ ಅಂಶವು ಲೆಕ್ಕಕ್ಕೆ ಬಾರದೆಂದು ಸತ್ಪುರುಷನೊಬ್ಬನಿಗೆ ನಂಬಿಕೆಯನ್ನು ಹುಟ್ಟಿಸುವ ಕಾಗದವು ಅವಿದ್ಯೆಯ ಕಾಗದವೇ ಹೊರತು ವಿದ್ಯಾಸಂಸ್ಥೆಯ ಕಾಗದವಾಗಲಾರದು. ಇಂಥವನೇ ತನ್ನ ಮಗನಿಗೆ, ‘ನೀನಾದರೂ ಇದನ್ನು ಬಿಟ್ಟು ದೊಡ್ಡ ಸಂಬಳದ ಕಡೆಗೆ ಹೋಗು’ ಎಂದು ನಾಳೆ ಹೇಳಿದರೆ, ಹಳ್ಳಿಯ ಮಕ್ಕಳಿಗೆ ಗಣಿತವನ್ನು ಹೇಳುವವರು ಯಾರು?

ಮೂರನೆಯ ಆಕ್ಷೇಪವು ತೂಕವುಳ್ಳದ್ದು. ಅಕ್ಷರವನ್ನೇ ಕಾಣದ ಮನೆತನದಿಂದ ಮೊದಲ ಸಲ ಪದವಿಯನ್ನು ಪಡೆದ ಹುಡುಗನಿಗೆ, ಅದಕ್ಕಿಂತ ಹೆಚ್ಚಾಗಿ ಹುಡುಗಿಗೆ, ಉದ್ಯೋಗವು ಸಿಕ್ಕುವುದೇ ದೊಡ್ಡ ಸಾಧನೆಯಲ್ಲವೆ ಎಂದು ಕೇಳುತ್ತಾರೆ. ಅಹುದು, ನಿಸ್ಸಂದೇಹವಾಗಿ ಅಹುದು. ಅಂಥವಳ ಮೊದಲ ತಿಂಗಳ ಸಂಬಳವು ಪದಕಕ್ಕಿಂತ ದೊಡ್ಡದು. ಆದರೆ ಆ ಸಾಧನೆಯಾದರೂ ಹಾಳೆಯಲ್ಲಿ ಕಾಣುತ್ತದೆಯೆ? ಹುದ್ದೆಯ ಹೆಸರನ್ನು ಮಾತ್ರ ಬರೆದರೆ ತಹಶೀಲ್ದಾರರ ಮಗಳೂ ಕೂಲಿಯವಳ ಮಗಳೂ ಒಂದೇ ಸಾಲಿನಲ್ಲಿ ಒಂದೇ ಎತ್ತರಕ್ಕೆ ನಿಲ್ಲುತ್ತಾರೆ. ನಡೆದುಬಂದ ದೂರವು ಅಡಗಿಹೋಗುತ್ತದೆ. ಮದುವೆಯಾದ ಮೇಲೆ ಮನೆಯವರ ಮಾತಿಗೆ ಕಟ್ಟುಬಿದ್ದು ಉದ್ಯೋಗವನ್ನು ಬಿಟ್ಟ ಹೆಣ್ಣುಮಕ್ಕಳಂತೂ ಈ ಗ್ರಂಥಗಳಲ್ಲಿ ಇಲ್ಲವೇ ಇಲ್ಲ. ಪದಕವನ್ನು ಪಡೆದ ಸೊಸೆಯು ಬೇಕೆಂದು ಹುಡುಕಿ ತಂದು, ಪದಕವನ್ನು ಪೆಟ್ಟಿಗೆಯಲ್ಲಿ ಇಡಿಸುವ ವಿದ್ಯಾವಂತ ಮನೆಗಳು ಈ ಪತ್ರಿಕೆಯ ಓದುಗರಲ್ಲಿಯೂ ಇರಬಹುದು, ಅವರು ಕ್ಷಮಿಸಬೇಕು.

ಇನ್ನೊಂದು ಮೌನವೂ ಉಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ದೆಹಲಿಯ ಸಂಸ್ಥೆಯೊಂದರೊಡನೆ ಸೇರಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದ ಯುವಜನರೊಳಗೆ ಪದವೀಧರರಲ್ಲಿ ನಿರುದ್ಯೋಗವು ನೂರಕ್ಕೆ 29.1ರಷ್ಟಿತ್ತು, ಓದುಬರಹ ಬಾರದವರಲ್ಲಿ ಅದು 3.4 ಮಾತ್ರ. ಬಡವನು ಸಿಕ್ಕಿದ ಕೂಲಿಯನ್ನು ಬಿಡಲಾರನೆಂಬುದು ಇದಕ್ಕೆ ಒಂದು ಕಾರಣವಿರಬಹುದು. ಅದು ಹೇಗೇ ಇರಲಿ, ಕೆಲಸವನ್ನು ಹುಡುಕುವ ಪದವೀಧರ ಯುವಕರಲ್ಲಿ ಮೂವರಿಗೆ ಹೆಚ್ಚು ಕಡಮೆ ಒಬ್ಬನು ಬರಿಗೈಯಲ್ಲಿ ನಿಂತಿರುವಾಗ, ಹತ್ತು ಮಂದಿಯ ಸಂಬಳವನ್ನು ಬಣ್ಣದಲ್ಲಿ ಅಚ್ಚು ಹಾಕಿಸುವುದು ಉಳಿದವರನ್ನು ಅಣಕಿಸಿದಂತೆ. ಹುದ್ದೆಯೇ ಸಾಧನೆಯಾದರೆ ಇವರೆಲ್ಲ ಸಾಧನಾಹೀನರೆಂದಾಯಿತು. ವಿದ್ಯೆಯನ್ನು ಕೊಟ್ಟ ತಾಯಿಯಂಥ ಸಂಸ್ಥೆಯು ತನ್ನ ಮಕ್ಕಳಿಗೆ ಹೀಗೆ ಹೇಳಬಹುದೆ?

ಹಳಿದು ಸುಮ್ಮನಾಗುವುದು ವಿತಂಡವಾದವಾದೀತು. ಆದಕಾರಣ ನನ್ನ ಸಲಹೆಯನ್ನೂ ಮುಂದಿಡುತ್ತೇನೆ. ಹುದ್ದೆಯ ಕಲಮು ಇರಲಿ. ವರಮಾನದ ಕಲಮನ್ನು ತೆಗೆದುಹಾಕಲಿ, ಅದನ್ನು ಕೇಳುವ ಹಕ್ಕು ತೆರಿಗೆಯ ಇಲಾಖೆಗೆ ಸೇರಿದ್ದು. ಅದರ ಸ್ಥಳದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ನಿಮ್ಮನ್ನು ಓದಿಸಿದವರು ಯಾರು, ಯಾವ ಕಷ್ಟದಿಂದ ಓದಿಸಿದರು? ಪದವಿಯಾದ ಮೇಲೆ ನೀವು ಹೊಸದಾಗಿ ಕಲಿತದ್ದು ಏನು? ನೀವು ಯಾರನ್ನು ಓದಿಸಿದಿರಿ? ನಿಮ್ಮ ಕೆಲಸದಿಂದ ನಿಮ್ಮ ಊರಿಗೆ, ನುಡಿಗೆ, ಶಾಸ್ತ್ರಕ್ಕೆ ಅಥವಾ ನೆರೆಯವರಿಗೆ ಆದ ಉಪಕಾರವೇನು? ಮೊದಲನೆಯದು ಕೃತಜ್ಞತೆಯನ್ನೂ, ಎರಡನೆಯದು ಸ್ವಾಧ್ಯಾಯವನ್ನೂ, ಮೂರನೆಯದು ಪ್ರವಚನವನ್ನೂ, ನಾಲ್ಕನೆಯದು ವ್ರತವನ್ನೂ ಕೇಳುತ್ತದೆ. ರೋಗಿಯ ಜೇಬನ್ನು ನೋಡದೆ ನಾಡಿಯನ್ನು ಹಿಡಿದ ವೈದ್ಯನಿಗೂ, ಲಂಚವನ್ನು ಮುಟ್ಟದೆ ನಿವೃತ್ತನಾದ ಗುಮಾಸ್ತನಿಗೂ, ದೂರದೇಶದಲ್ಲಿದ್ದು ಊರಿನ ಶಾಲೆಗೆ ಪುಸ್ತಕಗಳನ್ನು ಕಳುಹಿಸುವ ಇಂಜಿನಿಯರಿಗೂ ಆಗ ಬರೆಯಲು ಏನಾದರೂ ಇರುತ್ತದೆ. ಬರೆಯಲು ಏನೂ ಇಲ್ಲದವನು, ಆತನ ಸಂಬಳವು ಎಷ್ಟೇ ಇರಲಿ, ಖಾಲಿಯ ಗೆರೆಗಳನ್ನು ನೋಡಿ ಒಂದು ಗಳಿಗೆ ಯೋಚಿಸುತ್ತಾನೆ. ಅಷ್ಟಾದರೂ ಲಾಭವೇ.

ಇಂಥ ಗ್ರಂಥಗಳನ್ನು ಹೆಚ್ಚಾಗಿ ಓದುವವರು ದೊಡ್ಡವರಲ್ಲ. ಮನೆಯ ಮೇಜಿನ ಮೇಲೆ ಬಿದ್ದಿರುವುದನ್ನು ಎತ್ತಿಕೊಂಡು ಚಿತ್ರಗಳನ್ನು ನೋಡುವವರು ಮಕ್ಕಳು. ಓದುವುದು ಏತಕ್ಕೆ ಎಂಬ ಪ್ರಶ್ನೆಗೆ ಉತ್ತರವನ್ನು ಅವರು ನಮ್ಮ ಭಾಷಣಗಳಿಂದ ಕಲಿಯುವುದಿಲ್ಲ. ನಾವು ಯಾರ ಚಿತ್ರವನ್ನು ಅಚ್ಚು ಹಾಕಿಸುತ್ತೇವೆಂಬುದರಿಂದ ಕಲಿಯುತ್ತಾರೆ. ಮುಂದಿನ ಸಂಪುಟವನ್ನು ಸಿದ್ಧಪಡಿಸುವ ಮಹನೀಯರು ನಮೂನೆಯನ್ನು ಅಚ್ಚಿಗೆ ಕೊಡುವ ಮೊದಲು ಇದಿಷ್ಟನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ. ಅಲಮತಿವಿಸ್ತರೇಣ.