‘ಹವ್ಯಾಸಿ’ ಎಂಬ ಪದವೂ ಮುಂಬಯಿಯ ಮನೆಯಲ್ಲಿ ಕುಳಿತು ಬರೆಯುವವರೂ

ಮುಂಬಯಿ ಕನ್ನಡ ಸಾಹಿತ್ಯವನ್ನು ಕುರಿತು ಇದುವರೆಗೆ ಬಂದಿರುವ ಲೇಖನ, ಸಂಪ್ರಬಂಧ, ಅಭಿನಂದನ ಗ್ರಂಥಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿಯ ಬರಹಗಾರನನ್ನು ನಾವು ಅವನ ಕಚೇರಿಯ ಮೂಲಕವೇ ಗುರುತಿಸುತ್ತ ಬಂದಿದ್ದೇವೆ. ಯಶವಂತ ಚಿತ್ತಾಲರೆಂದೊಡನೆ ಬೇಕ್‌ಲೈಟ್ ಹೈಲಮ್ ಕಂಪೆನಿ, ಗಂಗಾಧರ ಚಿತ್ತಾಲರೆಂದೊಡನೆ ಸರ್ಕಾರದ ಲೆಕ್ಕಪತ್ರ ಸೇವೆ, ಜಯಂತ ಕಾಯ್ಕಿಣಿಯವರೆಂದೊಡನೆ ಔಷಧ ತಯಾರಿಕೆಯ ಕಾರ್ಖಾನೆ ನೆನಪಾಗುತ್ತದೆ. ಇದು ತಪ್ಪೇನಲ್ಲ. 1979ರಲ್ಲಿ ‘ಶಿಕಾರಿ’ ಬಂದಾಗ ದೊಡ್ಡ ಉದ್ದಿಮೆಗಳ ಒಳಗಿನ ಭಯ, ಸಂಶಯ, ಒಳಸಂಚುಗಳ ಜಗತ್ತು ಕನ್ನಡಕ್ಕೆ ದೊರೆತದ್ದು ಇದೇ ಕಚೇರಿಯ ಬಾಗಿಲಿನಿಂದ. ಹೋಟೆಲು, ರಾತ್ರಿ ಶಾಲೆ, ಗಿರಣಿ, ಲೋಕಲ್ ಗಾಡಿ ಇವೆಲ್ಲ ನಮ್ಮ ವಿಮರ್ಶೆಯಲ್ಲಿ ಈಗ ಸ್ಥಿರವಾದ ಸಂಕೇತಗಳಾಗಿವೆ. ಆದರೆ ಬೆಳಗಿನ ಒಂಬತ್ತರ ಗಾಡಿ ಹೊರಟುಹೋದ ಮೇಲೆ ಮನೆಯಲ್ಲೇ ಉಳಿದು, ಅಲ್ಲಿಯೇ ಓದಿ, ಅಲ್ಲಿಯೇ ಬರೆದು, ಬರೆದುದರಿಂದಲೇ ಅಷ್ಟಿಷ್ಟು ಗಳಿಸಿದವರ ವಿಚಾರ ನಮ್ಮ ಚರಿತ್ರೆಗಳಲ್ಲಿ ಎಲ್ಲಿದೆ? ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕನ್ನಡ ವಿಭಾಗವೊಂದರ ಸ್ಮರಣ ಸಂಪುಟಕ್ಕಿಂತ ಉಚಿತವಾದ ಸ್ಥಳ ಇನ್ನೊಂದಿರಲಾರದೆಂದು ಭಾವಿಸಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ಪದದ್ದು. ಸಂಬಳದ ನೌಕರಿಯಿಲ್ಲದೆ ಪತ್ರಿಕೆಗಳಿಗೆ, ಪ್ರಕಾಶಕರಿಗೆ ಬರೆದುಕೊಟ್ಟು ಬದುಕುವವರನ್ನು ಕನ್ನಡ ಪತ್ರಿಕೆಗಳು ಬಹುಕಾಲದಿಂದ ‘ಹವ್ಯಾಸಿ’ ಎಂದು ಕರೆಯುತ್ತಿವೆ. ರಂಗಭೂಮಿಯಲ್ಲಿ ಈ ಪದಕ್ಕೆ ಖಚಿತವಾದ ಅರ್ಥವಿತ್ತು. ಅಲ್ಲಿ ‘ವೃತ್ತಿ’ ಒಂದು ಕಡೆ, ‘ಹವ್ಯಾಸಿ’ ಇನ್ನೊಂದು ಕಡೆ. ಪತ್ರಿಕೆಯ ಕ್ಷೇತ್ರಕ್ಕೆ ಬರುವಾಗ ಪದ ತಲೆಕೆಳಗಾಯಿತು. ಬ್ಯಾಂಕಿನಲ್ಲೋ ಕಂಪೆನಿಯಲ್ಲೋ ದುಡಿದು ರವಿವಾರ ಮಾತ್ರ ಬರೆಯುವವರು ‘ಸಾಹಿತಿ’ ಎನಿಸಿಕೊಂಡರು. ವಾರದ ಏಳು ದಿನವೂ ಬರೆಯುವುದನ್ನೇ ಕೆಲಸ ಮಾಡಿಕೊಂಡವರು ‘ಹವ್ಯಾಸಿ’ ಆದರು. ‘ಸ್ವತಂತ್ರ ಬರಹಗಾರ’ ಎಂಬ ಇನ್ನೊಂದು ಪ್ರಯೋಗವೂ ಇದೆ. ತಿಂಗಳ ಕೊನೆಗೆ ಯಾವ ಸಂಭಾವನೆ ಬರುವುದೋ, ಯಾವುದು ಬಾರದೋ ಎಂದು ಕಾಯುವವರ ಸ್ವಾತಂತ್ರ್ಯ ಎಂಥದೆಂಬುದನ್ನು ಅವರೇ ಹೇಳಬೇಕು. ಪದವೊಂದು ತಪ್ಪಾದರೆ ಅದರ ಹಿಂದಿನ ಶ್ರಮವೂ ಲೆಕ್ಕಕ್ಕೆ ಸಿಗದೆ ಹೋಗುತ್ತದೆ ಎಂಬುದೇ ನನ್ನ ವಾದದ ತಿರುಳು.

ಬರೆದು ಬದುಕಿದವರು ಕನ್ನಡದಲ್ಲಿ ಇರಲಿಲ್ಲವೆಂದಲ್ಲ. ಗಳಗನಾಥರು 1907ರಲ್ಲಿ ‘ಸದ್ಬೋಧ ಚಂದ್ರಿಕೆ’ಯನ್ನು ಆರಂಭಿಸಿ, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಅ.ನ.ಕೃ. ಅವರೂ, ನಿರಂಜನರೂ ಲೇಖನಿಯನ್ನೇ ನೆಚ್ಚಿದವರು. ಆದರೆ ಅವರಿಗೆ ಓದುಗರು ಕಾಲ್ನಡಿಗೆಯ ದೂರದಲ್ಲಿದ್ದರು, ಪ್ರಕಾಶಕರು ಅದೇ ಊರಿನಲ್ಲಿದ್ದರು. ಮುಂಬಯಿಯ ಕನ್ನಡ ಬರಹಗಾರರಿಗೆ ಇವೆರಡೂ ದೂರ. ಇಲ್ಲಿಯ ‘ಮೊಗವೀರ’, ‘ಅಕ್ಷಯ’, ‘ಬಂಟರವಾಣಿ’, ‘ನೇಸರು’ವಿನಂಥ ಸಂಘ ಸಂಸ್ಥೆಗಳ ಪತ್ರಿಕೆಗಳು ಬರಹಗಾರರನ್ನು ಬೆಳೆಸಿದವು ನಿಜ, ಆದರೆ ಒಂದು ಮನೆಯ ಬಾಡಿಗೆಯನ್ನು ಕಟ್ಟುವಷ್ಟು ಹಣ ಅವುಗಳಿಂದ ಯಾರಿಗೂ ದೊರೆತಿಲ್ಲ, ದೊರೆಯುವಂತೆಯೂ ಇರಲಿಲ್ಲ. ಆದುದರಿಂದ ಮುಂಬಯಿಯಲ್ಲಿ ಮನೆಯಿಂದ ಬರೆಯುವುದು ಸಾಧ್ಯವಾದದ್ದು ಬಹುಮಟ್ಟಿಗೆ ಆ ಮನೆಯಲ್ಲಿ ಇನ್ನೊಬ್ಬರ ಸಂಬಳ ಇದ್ದುದರಿಂದ. ಹಾಗಾಗಿ ಹೀಗೆ ಬರೆದವರಲ್ಲಿ ಹೆಚ್ಚಿನವರು ಸ್ತ್ರೀಯರು. ಇದನ್ನು ಆಕಸ್ಮಿಕವೆಂದು ಪರಿಗಣಿಸಲಾಗದು.

ಶ್ಯಾಮಲಾ ಮಾಧವ ಅವರು ‘ಗಾನ್ ವಿದ್ ದ ವಿಂಡ್’ನಂತಹ ಬೃಹತ್ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಅಷ್ಟು ಪುಟಗಳ ಅನುವಾದಕ್ಕೆ ಎಷ್ಟು ಮಧ್ಯಾಹ್ನಗಳು ಬೇಕಾದವು ಎಂದು ನಮ್ಮ ವಿಮರ್ಶಕರು ಕೇಳಿದ್ದನ್ನು ನಾನು ಕಾಣೆ. ಮುಂಬಯಿಯಿಂದ ಸ್ವಲ್ಪ ಆಚೆ, ಪುಣೆಯ ಒಂದು ಉದಾಹರಣೆಯನ್ನು ಇಲ್ಲಿ ತರಬೇಕು. ಭೈರಪ್ಪನವರ ‘ವಂಶವೃಕ್ಷ’ವನ್ನು ಮರಾಠಿಗೆ ಅನುವಾದಿಸಿ 1989ರಲ್ಲಿ ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನ ಪಡೆದ ಉಮಾ ಕುಲಕರ್ಣಿಯವರಿಗೆ ಕನ್ನಡ ಕೇಳಿ ಅರ್ಥವಾಗುತ್ತಿತ್ತು, ಓದುವ ಅಭ್ಯಾಸ ಅಷ್ಟಾಗಿ ಇರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಟಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಟ್ಟು ಕೆಲಸಕ್ಕೆ ಹೊರಡುತ್ತಿದ್ದರು. ಹಗಲೆಲ್ಲ ಅವರು ಅದನ್ನು ಕೇಳುತ್ತ ಮರಾಠಿಯಲ್ಲಿ ಬರೆಯುತ್ತಿದ್ದರು. ಅನುವಾದ ಶಾಸ್ತ್ರದ ತರಗತಿಗಳಲ್ಲಿ ಮೂಲನಿಷ್ಠೆ, ಸಮಾನತೆ ಮೊದಲಾದ ಪರಿಭಾಷೆಗಳನ್ನು ವಾರಗಟ್ಟಲೆ ಬೋಧಿಸುವ ನಾವು ಈ ಧ್ವನಿಸುರುಳಿಯ ವಿಚಾರಕ್ಕೆ ಒಂದು ತಾಸನ್ನಾದರೂ ಮೀಸಲಿಟ್ಟರೆ ನಷ್ಟವೇನೂ ಇಲ್ಲ.

ನಾನು ಬಲ್ಲ ಲೇಖಕಿಯೊಬ್ಬರು ಡೊಂಬಿವಲಿಯಲ್ಲಿದ್ದಾರೆ. ಹೆಸರು ಹೇಳುವುದು ಅವರಿಗೆ ಇಷ್ಟವಿಲ್ಲ. ನಲ್ಲಿಯ ನೀರು ಬರುವ ವೇಳೆಗೆ ಅವರ ದಿನ ಆರಂಭ. ಡಬ್ಬಿಗಳು ಕಟ್ಟಿ ಮುಗಿದು, ಮನೆಯ ಕೊನೆಯ ಚಪ್ಪಲಿ ಹೊಸ್ತಿಲು ದಾಟಿದ ಮೇಲೆ ಊಟದ ಮೇಜನ್ನು ಒರೆಸಿ, ಅದರ ಮೇಲೊಂದು ಹಳೆಯ ಸೀರೆಯ ತುಂಡು ಹಾಸಿ, ಕಾಗದಗಳನ್ನು ಹರಡುತ್ತಾರೆ. ಈಗ ಕಾಗದದ ಪಕ್ಕಕ್ಕೆ ಗಣಕಯಂತ್ರವೂ ಬಂದಿದೆ. ಹನ್ನೊಂದರ ವರೆಗೆ ತಮ್ಮ ಸ್ವಂತದ ಅನುವಾದ, ಮರಾಠಿಯಿಂದ ಕನ್ನಡಕ್ಕೆ. ಆ ಬಳಿಕ ‘ಹೊಟ್ಟೆಪಾಡಿನ ಕನ್ನಡ’ ಎಂದು ಅವರೇ ಹೆಸರಿಟ್ಟ ಕೆಲಸ: ಇತರರ ಪುಸ್ತಕಗಳ ಕರಡು ತಿದ್ದುವುದು, ಸಂಘಗಳ ವಾರ್ಷಿಕ ವರದಿ, ಅಭಿನಂದನ ಪತ್ರ, ಶ್ರದ್ಧಾಂಜಲಿ. ಈ ನಗರದ ಎಷ್ಟು ಸ್ಮರಣ ಸಂಚಿಕೆಗಳ ‘ಅಧ್ಯಕ್ಷರ ನುಡಿ’ಗಳು ಇಂಥ ಊಟದ ಮೇಜುಗಳ ಮೇಲೆ ಹುಟ್ಟಿವೆಯೆಂಬುದನ್ನು ಶೈಲಿಶಾಸ್ತ್ರದ ವಿದ್ಯಾರ್ಥಿಗಳು ಯಾರಾದರೂ ಪರಿಶೀಲಿಸಬಹುದು! ನಡುನಡುವೆ ಕುಕ್ಕರಿನ ಸಿಳ್ಳು, ಕೊರಿಯರಿನವನ ಗಂಟೆ, ಪಕ್ಕದ ಮನೆಯವರು ಬಿಟ್ಟುಹೋದ ಬೀಗದ ಕೈ ಕೇಳಿಕೊಂಡು ಬರುವ ಅವರ ಮಕ್ಕಳು. ಮನೆಯಲ್ಲೇ ಇರುವವರಿಗೆ ಕೆಲಸವಿಲ್ಲವೆಂಬುದು ಇಡೀ ಕಟ್ಟಡದ ತಿಳಿವಳಿಕೆ. ಎರಡರಿಂದ ನಾಲ್ಕರ ವರೆಗೆ ಮಾತ್ರ ಕಟ್ಟಡ ನಿದ್ರಿಸುತ್ತದೆ; ಅವರ ಅತ್ಯುತ್ತಮ ವಾಕ್ಯಗಳು ಆಗ ಬರುತ್ತವೆಂದು ಅವರ ಹೇಳಿಕೆ. ಒಂದು ಪದಕ್ಕಾಗಿ ಮೂರು ದಿನ ಕಾದದ್ದನ್ನು ಅವರು ಹೇಳುವಾಗ, ಅದು ಬೇಸರದ ಮಾತೋ ಸಂತೋಷದ ಮಾತೋ ತಿಳಿಯುವುದಿಲ್ಲ.

ಪುಸ್ತಕಗಳ ಕಥೆ ಬೇರೆ. ಒಂದೂವರೆ ಕೋಣೆಯ ಮನೆಯಲ್ಲಿ ಗ್ರಂಥಪ್ರೇಮ ಎನ್ನುವುದು ಮೊದಲಿಗೆ ಜಾಗದ ಪ್ರಶ್ನೆ. ದಿವಾನದ ಹೊಟ್ಟೆಯಲ್ಲಿ ನಿಘಂಟು, ಅಟ್ಟದ ಮೇಲೆ ಹಳೆಯ ಮಾಸಪತ್ರಿಕೆಗಳ ಕಟ್ಟು, ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಡಬ್ಬಿಗಳೊಂದಿಗೆ ಕಾದಂಬರಿ. ಜೂನ್ ತಿಂಗಳು ಬಂತೆಂದರೆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಬೇವಿನೆಲೆ, ನುಸಿಗುಳಿಗೆ ಯಾವುದೂ ಅದಕ್ಕೆ ಪೂರ್ಣ ಪರಿಹಾರವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ನದಿ ಉಕ್ಕಿ ಕುರ್ಲಾ, ಕಾಲೀನಾಗಳ ನೆಲಮಹಡಿಗಳೆಲ್ಲ ಮುಳುಗಿದಾಗ ಎಷ್ಟು ಮನೆಗಳ ಪುಸ್ತಕಗಳು ಕೆಸರಿನ ಮುದ್ದೆಯಾಗಿ ಹೋದವೆಂಬುದರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಸತ್ತವರ ಲೆಕ್ಕದ ಮುಂದೆ ಪುಸ್ತಕದ ಲೆಕ್ಕ ಕೇಳುವುದು ಆಗ ಸಲ್ಲದಾಗಿತ್ತು, ಈಗ ಕೇಳಬಹುದು.

ಕೊಳ್ಳುವುದಕ್ಕೂ ಈ ನಗರ ಒಂದು ಕಾಲಕ್ಕೆ ಅನುಕೂಲವಾಗಿತ್ತು. ಟಿ.ಎನ್. ಶಾನಭಾಗರು 1948ರಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಬುಕ್ ಸ್ಟಾಲಿನಲ್ಲಿ ರಿಯಾಯಿತಿಯ ದರಕ್ಕೆ ಪುಸ್ತಕ ದೊರೆಯುತ್ತಿತ್ತು, ಕೊಳ್ಳದೆ ನಿಂತು ಓದುವವರನ್ನೂ ಯಾರೂ ಗದರಿಸುತ್ತಿರಲಿಲ್ಲ. 2018ರಲ್ಲಿ ಅದು ಮುಚ್ಚಿತು. ಕಾಲಬಾದೇವಿಯ ಶತಮಾನ ಕಂಡ ಹಳೆಯ ಪುಸ್ತಕದಂಗಡಿ ಅದಕ್ಕೂ ಮೊದಲೇ, 2011ರಲ್ಲಿ ಬಾಗಿಲು ಹಾಕಿತ್ತು. ಮನೆಯಲ್ಲಿ ಮೇಜಿಗೆ ಜಾಗವಿಲ್ಲದವರಿಗೆ ಗ್ರಂಥಾಲಯವೇ ಗತಿ. ವಿಶ್ವವಿದ್ಯಾನಿಲಯದ ಹುದ್ದೆಯಿಲ್ಲದೆ ವಿದ್ವತ್ತನ್ನೇ ಬಾಳಿದ ದುರ್ಗಾ ಭಾಗವತರು ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ವರ್ಷಾನುಗಟ್ಟಲೆ ಕುಳಿತು ಓದಿದ್ದನ್ನು ಮರಾಠಿ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆ ಕುರ್ಚಿಯನ್ನು ಅವರು ಮರೆತಿಲ್ಲ. ನಮ್ಮಲ್ಲಿ ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮದ ಕರ್ನಾಟಕ ಸಂಘಗಳಿಗೆ ಬಂದು ಓದಿದವರಲ್ಲಿ ಯಾರ ಕುರ್ಚಿ ನಮಗೆ ನೆನಪಿದೆ?

ಸಂಭಾವನೆಯ ವಿಚಾರವನ್ನು ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಎತ್ತುವುದು ಅಷ್ಟು ಸಭ್ಯವಲ್ಲವೆಂಬ ಭಾವನೆ ಇದೆ. ಆ ಸಭ್ಯತೆಯ ಬೆಲೆಯನ್ನು ತೆತ್ತವರು ಮನೆಯಲ್ಲಿ ಕುಳಿತು ಬರೆದವರು. ಹಸ್ತಪ್ರತಿಯನ್ನು ಒಮ್ಮೆಗೆ ಒಂದಿಷ್ಟು ಹಣಕ್ಕೆ, ಕೆಲವೊಮ್ಮೆ ಇಪ್ಪತ್ತೈದು ಪ್ರತಿಗಳಿಗೆ, ಒಂದು ಚೀಟಿಯ ಮೇಲೆ ಒಪ್ಪಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಬಹುಜನ ಆ ಕೃತಿ ಎಂದೆಂದಿಗೂ ತಮ್ಮ ಕೈಬಿಟ್ಟಿತೆಂದೇ ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮು ಹೇಳುವುದು ಬೇರೆ: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೇ ಪರಿಗಣಿತವಾಗುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಗ್ರಂಥ ಸಂಪಾದನೆ ಕಲಿಸುತ್ತೇವೆ. ಈ ಒಂದು ಕಲಮನ್ನೂ ಕಲಿಸಿದರೆ ನಾಳೆ ಬರೆದು ಬದುಕಲು ಹೊರಡುವ ನಮ್ಮ ವಿದ್ಯಾರ್ಥಿಗೆ ಹೆಚ್ಚಿನ ಉಪಕಾರವಾದೀತು. ಅಂಚೆಯ ನೆರವೂ ಕಡಿಮೆಯಾಗಿದೆ. ಅಗ್ಗದ ದರದಲ್ಲಿ ಪುಸ್ತಕ ಕಳುಹಿಸಲು ಇದ್ದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ಓದುಗರಿಗೆ ತಾವೇ ಕಳುಹಿಸುವ ಸಣ್ಣ ಬರಹಗಾರರಿಗೆ ಇದು ಸಣ್ಣ ಪೆಟ್ಟಲ್ಲ.

2020ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳು ನಿಂತು, ಸಾಧ್ಯವಿದ್ದವರೆಲ್ಲ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಒಂದು ವಿಲಕ್ಷಣ ಪರಿಸ್ಥಿತಿ ಒದಗಿತು. ಅಷ್ಟು ವರ್ಷ ಮನೆಯಿಂದ ದುಡಿದವರಿಗೇ ಮನೆಯಲ್ಲಿ ಜಾಗವಿಲ್ಲದಾಯಿತು. ಊಟದ ಮೇಜು ಮಗನ ಕಚೇರಿಯಾಯಿತು, ಎರಡರಿಂದ ನಾಲ್ಕರ ನೀರವತೆಯೂ ಹೋಯಿತು. ಮನೆಯ ದುಡಿಮೆಗೆ ಕೋಣೆ ಬೇಕು, ಬಾಗಿಲು ಬೇಕು, ‘ಈಗ ಮಾತನಾಡಿಸಬೇಡಿ’ ಎನ್ನುವ ಹಕ್ಕು ಬೇಕು ಎಂಬುದು ಆಗ ಎಲ್ಲರಿಗೂ ತಿಳಿಯಿತು; ಆದರೆ ಅದು ಸಂಬಳ ತರುವವರ ದುಡಿಮೆಗೆ ಮಾತ್ರ ಅನ್ವಯಿಸಿತು.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯ. ಉಪನಗರಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಭಿವೃದ್ಧಿಗೆ ಹೋಗುತ್ತಿವೆ. ಮನೆ ತೆರವು ಮಾಡುವ ತಿಂಗಳಲ್ಲಿ ಮೊದಲು ಹೊರಬೀಳುವುದು ಅಟ್ಟದ ಮೇಲಿನ ಕಟ್ಟುಗಳು. ರದ್ದಿಯವನಿಗೆ ಕನ್ನಡವೂ ಒಂದೇ, ಗುಜರಾತಿಯೂ ಒಂದೇ; ಅವನ ತಕ್ಕಡಿಯಲ್ಲಿ ಕರಡುಪ್ರತಿ, ಸಂಪಾದಕರ ಪತ್ರಗಳು, ಮನಿಯಾರ್ಡರಿನ ಚೀಟಿ, ಸಂಭಾವನೆ ಬರೆದಿಟ್ಟ ಡೈರಿ ಎಲ್ಲವೂ ಕಿಲೋ ಲೆಕ್ಕ. ಮುದ್ರಿತ ಪುಸ್ತಕ ಎಲ್ಲಾದರೂ ಉಳಿದೀತು. ಬರಹಗಾರರ ದಿನಚರಿಗೆ ಸಾಕ್ಷಿಯಾದ ಈ ಕಾಗದಗಳಿಗೆ ಎರಡನೆಯ ಪ್ರತಿಯಿಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಬೆನ್ನು, ಸೊಂಟ, ಕೊರಳು ನೊಂದುದನ್ನು ಹೇಳಿಕೊಂಡು, ಪ್ರತಿಯನ್ನು ಜೋಪಾನ ಮಾಡಿರೆಂದು ಬೇಡಿಕೊಳ್ಳುವುದನ್ನು ನಾವು ಶ್ರದ್ಧೆಯಿಂದ ಸಂಪಾದಿಸುತ್ತೇವೆ, ಪಾಠಾಂತರವನ್ನೂ ಕೊಡುತ್ತೇವೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ಕೊಂಡಾಡುತ್ತೇವೆ. ನಮ್ಮ ಕಾಲದ ಲಿಪಿಕಾರರ ಬೆನ್ನುನೋವಿಗೆ ನಮ್ಮ ಹಸ್ತಪ್ರತಿಶಾಸ್ತ್ರದಲ್ಲಿ ಸ್ಥಳವಿಲ್ಲವೆನ್ನುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಕನ್ನಡ ವಿಭಾಗಗಳು ಇದಕ್ಕಾಗಿ ಭವನ ಕಟ್ಟಬೇಕಾಗಿಲ್ಲ. ಒಂದು ಒಣ ಕೋಣೆ, ನಾಲ್ಕು ಉಕ್ಕಿನ ಕಪಾಟು, ಬಂದುದನ್ನು ದಾಖಲಿಸುವ ಒಂದು ಪುಸ್ತಕ ಸಾಕು. ಎಂ.ಎ. ದ್ವಿತೀಯ ವರ್ಷದ ಪ್ರತಿ ವಿದ್ಯಾರ್ಥಿಯೂ ಕಿರುಪ್ರಬಂಧಕ್ಕೆ ಪ್ರಸಿದ್ಧರ ಕೃತಿಯನ್ನೇ ಮತ್ತೆ ಆರಿಸಿಕೊಳ್ಳುವ ಬದಲು, ಮನೆಯಿಂದ ಬರೆದ ಒಬ್ಬರನ್ನು ಕಂಡು ಅವರ ಕಾಗದಗಳ ಪಟ್ಟಿ ಮಾಡಲಿ: ಏನು ಬರೆದರು, ಯಾರಿಗೆ ಬರೆದರು, ಎಷ್ಟು ಸಿಕ್ಕಿತು, ಎಲ್ಲಿ ಕುಳಿತು ಬರೆದರು. ಇಂಥ ಪಟ್ಟಿಯನ್ನು ‘ಸಂಶೋಧನೆಯಲ್ಲ’ವೆಂದು ತಳ್ಳಿಹಾಕುವ ಪರೀಕ್ಷಕರು ಇರಬಹುದು, ಅವರೊಡನೆ ವಾದಿಸಲು ನಾನು ಸಿದ್ಧ. ವಿದ್ಯಾನಗರಿಯಿಂದ ಕುರ್ಲಾ ಸ್ಟೇಷನ್ನಿಗೆ ಬಂದು ವೇಗದ ಗಾಡಿ ಹಿಡಿದರೆ ಡೊಂಬಿವಲಿ ಬಹಳ ದೂರವೇನಲ್ಲ. ಹೊರಡುವ ವಿದ್ಯಾರ್ಥಿಗಳು ಮುಂಚಿತವಾಗಿ ದೂರವಾಣಿ ಮಾಡಿ ಹೋಗಲಿ, ಎರಡರಿಂದ ನಾಲ್ಕರ ನಡುವೆ ಮಾತ್ರ ಗಂಟೆ ಒತ್ತದಿರಲಿ.